ಚಳಿಯೊಂದನ್ನು ಬಿಟ್ಟು

ಪ್ಯಾರಿಸ್‌ನಲ್ಲಿ ಗಂಡಸರ ಚಳಿಗಾಲದ ಉಡುಪಿನ ಪ್ರದರ್ಶನ ನಡೆಯುವುದು ಜನವರಿಯಲ್ಲಿ. ಅಲ್ಲಿ ಕಂಡ ಕಪ್ಪು ಕೋಟು ಅಂಗಡಿಗೆ ಬರತೊಡಗುವುದು ಜುಲೈ-ಆಗಸ್ಟ್ ಹೊತ್ತಿಗೆ, ಅಂದರೆ ಅಲ್ಲಿನವರು ಬೆವರೊರೆಸಿಕೊಳ್ಳುವ ಕಾಲಕ್ಕೆ. ಚಳಿ ನಿಜಕ್ಕೂ ಕಚ್ಚತೊಡಗಿದಾಗ ಅದೇ ಕೋಟಿಗೆ ರಿಯಾಯಿತಿ ಚೀಟಿ ಬಿದ್ದಿರುತ್ತದೆ, ನಿಮ್ಮ ಅಳತೆಯದು ಮಾತ್ರ ಮುಗಿದಿರುತ್ತದೆ. ಹಾಗಾಗಿ ಕಪ್ಪು, ತೂತು, ಜೋಲು ಎಂಬ ಈ ಫ್ಯಾಷನ್ನಿನ ನಿಷ್ಠಾವಂತ ಭಕ್ತನಿಗೆ ಉಳಿಯುವ ದಾರಿ ಒಂದೇ: ಬೇಸಿಗೆಯಲ್ಲಿ ಪೂರ್ತಿ ಬೆಲೆ ತೆತ್ತು, ಏಸಿ ಹಾಕಿಕೊಂಡು ಕನ್ನಡಿ ಮುಂದೆ ನಿಲ್ಲುವುದು.

ಇನ್ನು ತೂತಿನ ವಿಚಾರ. 1982ರಲ್ಲಿ ಜಪಾನಿನ ವಿನ್ಯಾಸಕಿ ರೇ ಕವಾಕುಬೊ ತೂತುಗಳುಳ್ಳ ಕಪ್ಪು ಸ್ವೆಟರ್ ತೋರಿಸಿ, ಇದು ಹರಕಲ್ಲ, ಲೇಸ್ ಎಂದರು. ಅಂದಿನಿಂದ ಉಣ್ಣೆ ತಿನ್ನುವ ಹುಳುಗಳಿಗೂ ಕಲಾವಿದರ ಸ್ಥಾನಮಾನ ಸಿಕ್ಕಿದೆ. ಆದರೆ ಕೊಳ್ಳುವವರು ವ್ಯತ್ಯಾಸ ಅರಿತಿರಬೇಕು. ವಿನ್ಯಾಸಕರು ಬಿಟ್ಟ ತೂತಿನ ಅಂಚಿನಲ್ಲಿ ಹೆಣಿಗೆಯ ಕುಣಿಕೆಗಳು ಮುಚ್ಚಿಕೊಂಡಿರುತ್ತವೆ, ಎಳೆದರೂ ಜಾರುವುದಿಲ್ಲ. ಹುಳು ತಿಂದ ತೂತಿನಲ್ಲಿ ನೂಲಿನ ತುದಿ ತುಂಡಾಗಿ ನಿಂತಿರುತ್ತದೆ. ಬೆರಳು ತಗುಲಿದರೆ ಸಾಕು, ಸಾಲಾಗಿ ಬಿಚ್ಚಿಕೊಳ್ಳುತ್ತದೆ. ಮೊದಲನೆಯದಕ್ಕೆ ಕಾಸು ಕೊಡಬೇಕು, ಎರಡನೆಯದು ಬಿಟ್ಟಿ. ಹುಳುವಿನ ಗುಮಾನಿ ಬಂದರೆ ಸ್ವೆಟರನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ 2 ವಾರ ಇಡಿ. ಈ ಜಾತಿಯ ಚಳಿಗಾಲದ ಬಟ್ಟೆ ಚಳಿಯ ಮುಖ ನೋಡುವುದು ಬಹುಶಃ ಅಲ್ಲಿ ಮಾತ್ರ.

ತೂತು ಎಲ್ಲಿರಬೇಕು ಎಂಬ ಪ್ರಶ್ನೆಗೆ ಇನ್ನೊಬ್ಬ ವಿನ್ಯಾಸಕ ರಿಕ್ ಓವೆನ್ಸ್ 2015ರ ಜನವರಿಯಲ್ಲಿ ಅಂತಿಮ ಉತ್ತರ ಕೊಟ್ಟುಬಿಟ್ಟರು. ಅವರ ಚಳಿಗಾಲದ ಸಂಗ್ರಹದ ಕೆಲವು ನಿಲುವಂಗಿಗಳಲ್ಲಿ ಕಿಟಕಿ ಇದ್ದದ್ದು, ಗಂಡಸು ಸಾವಿರಾರು ವರ್ಷಗಳಿಂದ ಮೊಟ್ಟಮೊದಲು ಮುಚ್ಚಿಕೊಳ್ಳುತ್ತ ಬಂದ ಜಾಗದಲ್ಲೇ. ವಿವರ ಬೇಡ. ಗಾಳಿ ಬೀಸಿದರೆ ಏನಾಗುತ್ತದೆ ಎಂಬುದನ್ನು ಓದುಗರ ಊಹೆಗೆ ಬಿಡೋಣ.

ಕಿಟಕಿಯಿಲ್ಲದ ಪ್ಯಾಂಟಿನ ಕಥೆಯೂ ಅಷ್ಟಕ್ಕಷ್ಟೆ. ಮೈ ಬೆಚ್ಚಗಿಡುವುದು ಬಟ್ಟೆಯೊಳಗೆ ಅಲುಗಾಡದೆ ನಿಂತ ಗಾಳಿ. ಕಾಲುಗಳ ಕವಲು ಕೆಳಕ್ಕೆ ಜೋತುಬಿದ್ದ ‘ಡ್ರಾಪ್ ಕ್ರಾಚ್’ ಪ್ಯಾಂಟಿನಲ್ಲಿ ಗಾಳಿಗೇನೂ ಬರವಿಲ್ಲ, ಆದರೆ ಪಾದದ ಹತ್ತಿರ ಬಿಗಿ ಇಲ್ಲದಿದ್ದರೆ ಅದು ನಿಲ್ಲುವುದಿಲ್ಲ. ಒಂದೊಂದು ಹೆಜ್ಜೆಗೂ ಪ್ಯಾಂಟು ಕಮ್ಮಾರನ ತಿದಿಯಂತೆ ಬಿಸಿಗಾಳಿ ಹೊರದಬ್ಬಿ ತಣ್ಣನೆಯದನ್ನು ಎಳೆದುಕೊಳ್ಳುತ್ತದೆ. ಕವಲು ಮೊಣಕಾಲಿನತ್ತ ಇಳಿದಷ್ಟೂ ಹೆಜ್ಜೆ ಕಿರಿದಾಗುತ್ತದೆ. ಕೆಳಗೆ ನುಣುಪು ಚರ್ಮದ ಅಟ್ಟೆಯ ಬೂಟು, ಅದರ ಕೆಳಗೆ ಮಂಜುಗಡ್ಡೆ. ಜಾರಿದಾಗ ಕಾಲು ಅಗಲಿಸಿ ಸಾವರಿಸಿಕೊಳ್ಳೋಣವೆಂದರೆ ಪ್ಯಾಂಟು ಒಪ್ಪುವುದಿಲ್ಲ.

ಹೋಗಲಿ, ಕಪ್ಪಾದರೂ ಕಪ್ಪಾಗಿ ಉಳಿಯುತ್ತದೆಯೇ? ಹತ್ತಿಗೆ ಹಿಡಿಯುವ ಬಣ್ಣ ಬೇರೆ, ಉಣ್ಣೆಯದು ಬೇರೆ, ಪಾಲಿಯೆಸ್ಟರಿನದು ಇನ್ನೊಂದು. ಅಂಗಡಿಯ ದೀಪದಡಿ ಒಂದೇ ಎನಿಸಿದ ಮೂರು ಕಪ್ಪು, ಬಿಸಿಲಿಗೆ ಬಂದೊಡನೆ ಒಂದು ಕೆಂಪಗೆ, ಒಂದು ಹಸಿರಾಗಿ, ಒಂದು ನೀಲಿಯಾಗಿ ಮುಖ ತಿರುಗಿಸಿಕೊಳ್ಳುತ್ತವೆ. ಬಲ್ಲವರು ಹೊಂದಿಸಲು ಹೋಗುವುದೇ ಇಲ್ಲ. ಹೊಳೆಯುವ ಚರ್ಮದ ಪಕ್ಕ ಮಂಕು ಉಣ್ಣೆ ಇಟ್ಟು, ಬೇಕೆಂದೇ ಮಾಡಿದ್ದು ಎಂಬ ಮುಖ ಮಾಡುತ್ತಾರೆ. ಹತ್ತಿಯದನ್ನು ಒಳಮೈ ಹೊರಗೆ ಮಾಡಿ, 30 ಡಿಗ್ರಿ ಮೀರದ ನೀರಿನಲ್ಲಿ ಒಗೆದು ನೆರಳಲ್ಲಿ ಒಣಗಿಸಿ. ಉಣ್ಣೆಯನ್ನು ಬಿಸಿನೀರಿನಲ್ಲಿ ತಿಕ್ಕಿದರೋ, ಎಳೆಗಳ ಮೇಲಿನ ಸಣ್ಣ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಕೋಟು ಮಗುವಿನ ಅಳತೆಗೆ ಇಳಿಯುತ್ತದೆ. ನೀವು ಮಾಡಿದರೆ ಎಡವಟ್ಟು. ಕಾರ್ಖಾನೆ ಮಾಡಿದರೆ ‘ಬಾಯ್ಲ್ಡ್ ವುಲ್’.

ಎಲ್ಲಕ್ಕಿಂತ ಸೊಗಸು ವಿನ್ಯಾಸಕ ಮಾರ್ಜೆಲಾ ಅವರ ವರಸೆ. 1988ರಲ್ಲಿ ಶುರುವಾದ ಅವರ ಫ್ಯಾಷನ್ ಸಂಸ್ಥೆ ಹೆಸರೇ ಬೇಡವೆಂದು ಖಾಲಿ ಬಿಳಿ ಲೇಬಲ್ಲನ್ನು ಕತ್ತಿನ ಹಿಂಬದಿಯ ಒಳಮೈಗೆ, ಹೊರಕ್ಕೂ ಕಾಣುವ ನಾಲ್ಕು ಬಿಳಿ ಹೊಲಿಗೆಯಲ್ಲಿ ಸಿಕ್ಕಿಸಿತು. ಬೇಡವಾದರೆ ಕಿತ್ತುಹಾಕಬಹುದು. ಯಾರು ಕೀಳುತ್ತಾರೆ? ಕಪ್ಪು ಬೆನ್ನಿನ ಮೇಲೆ ಹಣೆಗಿಟ್ಟ ನಾಮದಷ್ಟು ಸ್ಪಷ್ಟವಾಗಿ ಕಾಣುವ ಆ ನಾಲ್ಕು ಗೆರೆಗಳೇ ಈಗ ಹೆಸರು. ಮಫ್ಲರ್ ಸುತ್ತಿದರೆ ಅವು ಮುಚ್ಚಿಹೋಗುತ್ತವೆ. ಆದ್ದರಿಂದ ಹಿಮ ಬೀಳುತ್ತಿದ್ದರೂ ಕತ್ತು ಬರಿದೇ.