ಕಳ್ಳ ಒಳ್ಳೆಯವನು

ಮೊನ್ನೆ ರಾತ್ರಿ ಅಮ್ಮನ ಪರ್ಸ್ ಮತ್ತೆ ಕಳುವಾಯಿತು. "ಯಾರೋ ಎತ್ಕೊಂಡು ಹೋಗಿದಾರೆ" ಅಂದಳು. ಆ 'ಯಾರೋ' ಬಹಳ ಸಲ ನಾನೇ ಆಗಿರುತ್ತೇನೆ.

ಮೊದಮೊದಲು ಎದೆಗೆ ಚುಚ್ಚಿದ ಹಾಗಾಗುತ್ತಿತ್ತು. "ನಾನ್ಯಾಕಮ್ಮ ಕದೀಲಿ?" ಅಂತ ವಾದಕ್ಕೆ ನಿಲ್ಲುತ್ತಿದ್ದೆ. ಅವಳೂ ಅಳುತ್ತಿದ್ದಳು, ನಾನೂ ಅಳುತ್ತಿದ್ದೆ. ಆಮೇಲೆ ಡಾಕ್ಟರ್ ಬಿಡಿಸಿ ಹೇಳಿದಾಗ ಅರ್ಥವಾಯಿತು. ಈಗಷ್ಟೇ ನಡೆದದ್ದನ್ನು ನೆನಪಾಗಿ ಉಳಿಸಿಕೊಳ್ಳಲು ಮೆದುಳಿನ ಹಿಪೊಕ್ಯಾಂಪಸ್ ಬೇಕು. ಅಮ್ಮನಿಗಿರುವ ಮರೆವಿನ ಕಾಯಿಲೆ ಆಲ್‌ಝೈಮರ್ಸ್‌ನಲ್ಲಿ ಸಾಮಾನ್ಯವಾಗಿ ಶುರುವಿನಲ್ಲೇ ಪೆಟ್ಟು ತಿನ್ನುವ ಭಾಗ ಅದು. ಪರ್ಸನ್ನು ಜೋಪಾನವಾಗಿ ಬಚ್ಚಿಟ್ಟ ಗಳಿಗೆ ಅಮ್ಮನ ತಲೆಯಲ್ಲಿ ಉಳಿಯುವುದೇ ಇಲ್ಲ. ಇಟ್ಟ ನೆನಪಿಲ್ಲ, ಪರ್ಸೂ ಕಾಣ್ತಿಲ್ಲ. ಅಂದಮೇಲೆ ಕಳ್ಳ ಬಂದಿರಲೇಬೇಕು, ಅಲ್ವಾ? ಅವಳ ಜಾಗದಲ್ಲಿ ನಿಂತರೆ ನಾನೂ ಹಾಗೇ ಅಂದುಕೊಳ್ಳುತ್ತಿದ್ದೆ.

ಅವತ್ತಿನಿಂದ ವಾದ ಬಿಟ್ಟೆ. "ಹೌದಾ? ಬಾ, ಇಬ್ರೂ ಹುಡುಕೋಣ" ಅನ್ನುತ್ತೇನೆ.

ಮೊನ್ನೆಯೂ ಹುಡುಕಿದೆವು. ಬೀರು ಆಯಿತು, ಹಾಸಿಗೆ ಕೆಳಗೆ ಆಯಿತು. ಕೊನೆಗೆ ಅಮ್ಮನೇ ದಿಂಬಿನ ಕವರೊಳಗೆ ಕೈ ಹಾಕಿದಳು. ಟೀವಿ ರಿಮೋಟ್ ಬಂತು. ಒಂಟಿ ಕಾಲುಚೀಲ ಬಂತು. ಆಮೇಲೆ ಪರ್ಸ್. ಬೆರಳಿಗೆ ಎಂಜಲು ಹಚ್ಚಿಕೊಂಡು ಎರಡೆರಡು ಸಲ ನೋಟು ಎಣಿಸಿದಳು. ನನ್ನ ಕಡೆ ತಿರುಗಿ ಗಂಭೀರವಾಗಿ ಹೇಳಿದಳು: "ಕಳ್ಳ ಒಳ್ಳೆಯವನು ಕಣೇ. ದುಡ್ಡು ಮುಟ್ಟೇ ಇಲ್ಲ."

ಒಂದು ಕ್ಷಣ ಇಬ್ಬರೂ ಸುಮ್ಮನಿದ್ದೆವು. ಅವಳ ತುಟಿ ಅದುರಿತು. ಮೊದಲು ನಕ್ಕಿದ್ದು ಅವಳೇ. ಆಮೇಲೆ ಇಬ್ಬರೂ ಹಾಸಿಗೆ ಮೇಲೆ ಬಿದ್ದು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಇಂಥ ಮನೆಯಲ್ಲಿ ನಗಬಾರದು ಅಂತ ನಾನು ಒಪ್ಪುವುದಿಲ್ಲ. ನಗು ಇಲ್ಲದೆ ಈ ದಿನಗಳನ್ನು ದಾಟುವುದು ನನ್ನಿಂದ ಆಗುತ್ತಲೇ ಇರಲಿಲ್ಲ. ಆದರೆ ಇನ್ನೊಂದು ಥರದ ನಗು ಇದೆ, ಅದು ನನಗೆ ಬೇಡ. ನೋಡಲು ಬಂದವರು ಸುತ್ತ ನಿಂತು "ನಾನ್ಯಾರು ಹೇಳಿ ನೋಡೋಣ" ಅಂತ ಪರೀಕ್ಷೆ ಮಾಡ್ತಾರಲ್ಲ, ಆ ನಗು. ತಪ್ಪು ಹೆಸರು ಹೇಳಿದರೆ ಎಲ್ಲರೂ ನಗುತ್ತಾರೆ, ಒಬ್ಬರು ವಿಡಿಯೋ ಮಾಡುತ್ತಾರೆ. ಅಮ್ಮನೂ ನಗುತ್ತಾಳೆ, ಬರೀ ತುಟಿಯಲ್ಲಿ. ಎಲ್ಲಿ ತಪ್ಪಾಯಿತು ಅಂತ ಕಣ್ಣು ಒಬ್ಬೊಬ್ಬರ ಮುಖವನ್ನೂ ಹುಡುಕುತ್ತಿರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಹೆಸರು ನೀವೇ ಹೇಳಿ, ಕೈ ಹಿಡಿದು ಪಕ್ಕದಲ್ಲಿ ಕೂತ್ಕೊಳ್ಳಿ. ಅಷ್ಟು ಸಾಕು.

"ಹೇಗೂ ಮರೀತಾರೆ ಬಿಡಿ" ಅನ್ನುವವರೂ ಇದ್ದಾರೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದರು. ಆಲ್‌ಝೈಮರ್ಸ್ ಇರುವವರಿಗೆ ದುಃಖದ ಮತ್ತು ಸಂತೋಷದ ಸಿನಿಮಾ ತುಣುಕುಗಳನ್ನು ತೋರಿಸಿದರು. ಸ್ವಲ್ಪ ಹೊತ್ತಿನಲ್ಲೇ ನೋಡಿದ್ದು ಹೆಚ್ಚುಕಡಿಮೆ ಮರೆತುಹೋಯಿತು, ಆದರೆ ಆ ದುಃಖ, ಆ ಸಂತೋಷ ಆಮೇಲೂ ಉಳಿದಿತ್ತು. ಇದನ್ನು ನಾನು ಮನೆಯಲ್ಲೇ ಕಂಡಿದ್ದೇನೆ.

ಮೊನ್ನೆ ದೀಪ ಆರಿಸಲು ಹೋದಾಗ ಪರ್ಸಿನ ವಿಷಯ ಅಮ್ಮನಿಗೆ ಪೂರ್ತಿ ಮರೆತಿತ್ತು. ಆದರೂ ಮುಖದಲ್ಲಿ ನಗು ಇತ್ತು.

"ಯಾಕಮ್ಮ ನಗ್ತಿದೀಯ?" ಅಂದೆ.

"ಗೊತ್ತಿಲ್ಲ ಕಣೇ. ಏನೋ ಚೆನ್ನಾಗಿತ್ತು."