ಸತ್ಯಾಂಶ: ಮೋಡ ಕವಿದ ರಾತ್ರಿ ಚಳಿ ಜಾಸ್ತಿಯೇ?

“ಉಪಗ್ರಹ ಚಿತ್ರ ನೋಡಿ, ಚಿಕ್ಕಮಗಳೂರಿನ ಮೇಲೆ ದಟ್ಟ ಮೋಡ. ಇವತ್ತು ರಾತ್ರಿ ಕೊರೆಯುವ ಚಳಿ!” ಇಂಥ ಸಂದೇಶ ವಾಟ್ಸಾಪ್‌ನಲ್ಲಿ ಬಂದರೆ ನಂಬಬೇಡಿ.

ಹಗಲಲ್ಲಿ ಮೋಡ ಬಿಸಿಲನ್ನು ತಡೆಯುತ್ತದೆ, ತಂಪಾಗುತ್ತದೆ. ರಾತ್ರಿಯೂ ಹಾಗೇ ಅಂತ ಅನ್ನಿಸುವುದು ಸಹಜ ಅಲ್ವಾ? ಆದರೆ ರಾತ್ರಿ ಲೆಕ್ಕ ಬೇರೆ. ಹೊತ್ತು ಮುಳುಗಿದ ಮೇಲೆ ನೆಲ ತನ್ನ ಬಿಸಿಯನ್ನು ಇನ್‌ಫ್ರಾರೆಡ್ ಕಿರಣಗಳಾಗಿ ಮೇಲಕ್ಕೆ ಬಿಡುತ್ತದೆ. ಆಕಾಶ ತಿಳಿಯಾಗಿದ್ದರೆ ಅದರಲ್ಲಿ ಒಂದು ಪಾಲು ನೇರವಾಗಿ ಬಾಹ್ಯಾಕಾಶ ಸೇರುತ್ತದೆ. ತಗ್ಗಿನಲ್ಲಿ, ಅಂದರೆ ಕಡಿಮೆ ಎತ್ತರದಲ್ಲಿ, ಮೋಡವಿದ್ದರೆ ಅದರ ನೀರಹನಿಗಳು ಆ ಕಿರಣಗಳನ್ನು ಹೀರಿಕೊಂಡು, ನೆಲದ ಕಡೆಗೂ ಬಿಸಿ ಸೂಸುತ್ತವೆ. ತಗ್ಗಿನ ಮೋಡ ಅಷ್ಟೇನೂ ತಣ್ಣಗಿರುವುದಿಲ್ಲ, ಹಾಗಾಗಿ ವಾಪಸ್ ಬರುವ ಬಿಸಿಯೂ ಜಾಸ್ತಿ. ಜನವರಿಯಲ್ಲಿ ಚುಕ್ಕಿಗಳು ನಿಚ್ಚಳವಾಗಿ ಕಾಣುವ ರಾತ್ರಿಯೇ ನಡುಕ ಹೆಚ್ಚಲು ಇದೂ ಒಂದು ಕಾರಣ.

ಇನ್ನು ಆ ಚಿತ್ರದ ವಿಷಯ. ಭಾರತದ ಹವಾಮಾನ ಉಪಗ್ರಹ ಇನ್ಸಾಟ್-3ಡಿಆರ್ ಸುಮಾರು 36,000 ಕಿ.ಮೀ. ಎತ್ತರದಿಂದ ನೋಡುತ್ತದೆ. ಮೋಡ ಅಡ್ಡ ಇದ್ದರೆ ಉಪಗ್ರಹದ ಉಷ್ಣ ಚಿತ್ರದಲ್ಲಿ ಕಾಣುವುದು ಮೋಡದ ನೆತ್ತಿಯ ತಾಪಮಾನ, ನಮ್ಮ ಅಂಗಳದ್ದಲ್ಲ. ತಗ್ಗಿನ ಮೋಡದ ನೆತ್ತಿ ಹೆಚ್ಚುಕಡಿಮೆ ನೆಲದಷ್ಟೇ ಬೆಚ್ಚಗಿರುವುದರಿಂದ ರಾತ್ರಿ ಎರಡನ್ನೂ ಬೇರೆ ಮಾಡುವುದೇ ಕಷ್ಟ. ಅದಕ್ಕೆ 3.9 ಮತ್ತು 10.8 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಉದ್ದದ ಇನ್‌ಫ್ರಾರೆಡ್ ತರಂಗಗಳ ಅಳತೆಯನ್ನು ಹೋಲಿಸಿ ನೋಡುತ್ತಾರೆ. ಸಣ್ಣ ನೀರಹನಿಗಳ ಮೋಡ 3.9ರಲ್ಲಿ ಕಡಿಮೆ ಸೂಸುವುದರಿಂದ ಅದರ ಗುರುತು ಸಿಗುತ್ತದೆ.

ಮುಳ್ಳಯ್ಯನಗಿರಿಯಲ್ಲಿ ಮೋಡ ಮೈಗೇ ತಾಗಿದಾಗ ಚಳಿಯಾಗುವುದು ನಿಜ. ಅದು ಎತ್ತರ, ಗಾಳಿ ಮತ್ತು ತೇವದ ಕೆಲಸ. ನಿಮ್ಮೂರಿನ ರಾತ್ರಿ ಚಳಿ ಎಷ್ಟೆಂದು ತಿಳಿಯಲು ಹತ್ತಿರದ ಹವಾಮಾನ ಕೇಂದ್ರದ ಕನಿಷ್ಠ ತಾಪಮಾನ ನೋಡಿ.