ಮಟಮಟ ಮಧ್ಯಾಹ್ನದ ದಂಡಯಾತ್ರೆ

ಮಧುಗಿರಿ ಬೆಟ್ಟ ಏಷ್ಯಾದ ಎರಡನೇ ಅತಿ ದೊಡ್ಡ ಏಕಶಿಲೆಯಂತೆ. ಅಳೆದವರು ಯಾರು, ಯಾವ ಹಗ್ಗ ಹಿಡಿದು ಅಳೆದರು ಎಂದೆಲ್ಲ ಕೇಳಬಾರದು. ಮೊದಲನೆಯ ಸ್ಥಾನವನ್ನು ಮಾಗಡಿ ಕಡೆಯ ಸಾವನದುರ್ಗಕ್ಕೆ ಕೊಟ್ಟಾಗಿದೆ. ಚೀನಾ, ಮಂಗೋಲಿಯಾ, ಅರೇಬಿಯಾದವರು ಏನಿದ್ದರೂ ಮೂರನೆಯ ಸ್ಥಾನಕ್ಕೆ ಅರ್ಜಿ ಹಾಕಿಕೊಳ್ಳಲಿ. ಮೊದಲೆರಡು ಪದಕಗಳು ನಮ್ಮ ಕ್ಲೋಸ್‌ಪೇಟೆ (ರಾಮನಗರದ ಹಳೆಯ ಹೆಸರು) ಗ್ರಾನೈಟ್ ಪಟ್ಟಿಯನ್ನು ದಾಟುವುದಿಲ್ಲ.

ಹುಟ್ಟಿ ಸುಮಾರು 250 ಕೋಟಿ ವರ್ಷವಾದ ಕಲ್ಲಿದು. ಕಾಯುವುದಕ್ಕೆ ಅದಕ್ಕೇನೂ ಅವಸರವಿಲ್ಲ. ಅವಸರವೆಲ್ಲ ಬೆಂಗಳೂರಿನಿಂದ ಬರುವ ಭಾನುವಾರದ ದಂಡಿನದು. ನಸುಕಿಗೇ ಹೊರಡಬೇಕೆಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ತೀರ್ಮಾನವಾಗಿರುತ್ತದೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನದೆ ಮುಂದೆ ಹೋಗುವುದು ಮಹಾಪಾಪ. ತಿನ್ನುವ ಮೊದಲು ಅದರ ಫೋಟೋ ತೆಗೆಯಬೇಕು, ತಿಂದ ಮೇಲೆ ಕಾಫಿ ಕುಡಿಯಬೇಕು, ಹಿಂದಿನ ಕಾರು ದಾರಿ ತಪ್ಪಿದೆಯಂತೆ, ಅದಕ್ಕೂ ಕಾಯಬೇಕು. ಬೆಟ್ಟದ ಬುಡಕ್ಕೆ ಬರುವಾಗ ಹನ್ನೊಂದು ಗಂಟೆ. ಅಷ್ಟು ಹೊತ್ತಿಗೆ ಬಂಡೆ ದೋಸೆ ಹುಯ್ಯುವ ಹದಕ್ಕೆ ಕಾದಿರುತ್ತದೆ.

ಈ ಬೆಟ್ಟದ ಮೇಲೆ ಕೋಟೆ ಕಟ್ಟಿದವರು ದಡ್ಡರಲ್ಲ. ಬಾಗಿಲ ಮೇಲೆ ಬಾಗಿಲು ಇಟ್ಟರು, ಕಡಿದಾದ ಬಂಡೆಯಲ್ಲಿ ಹೆಜ್ಜೆ ಊರುವಷ್ಟೇ ಮೆಟ್ಟಿಲು ಕೊರೆದರು. ಶತ್ರು ಸೈನ್ಯಕ್ಕೆ ಒದಗದಿರಲಿ ಎಂದೋ ಏನೋ, ನೆರಳನ್ನು ಮಾತ್ರ ಎಲ್ಲೂ ಇಡಲಿಲ್ಲ. ಈಗಿನ ಸೈನ್ಯ ಅರ್ಧ ಲೀಟರ್ ನೀರು, ಒಂದು ಪೊಟ್ಟಣ ಚಿಪ್ಸ್ ಮತ್ತು ಪೂರ್ತಿ ಚಾರ್ಜ್ ಆದ ಮೊಬೈಲ್ ಹಿಡಿದು ಏರುತ್ತದೆ. ಮೂರನೆಯ ಬಾಗಿಲ ಹೊತ್ತಿಗೆ ನೀರು ಖಾಲಿ. ಕಬ್ಬಿಣದ ಕಂಬಿ ಹಿಡಿದರೆ ಅಂಗೈ ಸುಡುತ್ತದೆ, ಬಿಟ್ಟರೆ ಕಾಲು ಜಾರುತ್ತದೆ. ಒಬ್ಬ ಕರವಸ್ತ್ರವನ್ನು ಕಂಬಿಗೆ ಸುತ್ತಿಕೊಂಡು, ಅದನ್ನೇ ಆಗಾಗ ಬಿಚ್ಚಿ ಬೆವರು ಒರೆಸಿಕೊಂಡು, ಮತ್ತೆ ಸುತ್ತುತ್ತಾನೆ. ಎದುರಿಗೆ ಇಳಿದು ಬರುವವರನ್ನು ‘ಇನ್ನೆಷ್ಟು ದೂರ?’ ಎಂದು ಕೇಳಿದರೆ ಉತ್ತರ ಒಂದೇ: ‘ಇಲ್ಲೇ, ಹತ್ತು ನಿಮಿಷ.’ ಬುಡದಲ್ಲೂ ಹತ್ತು ನಿಮಿಷ, ನಡುವಿನಲ್ಲೂ ಹತ್ತು ನಿಮಿಷ. ಇಷ್ಟು ಒಮ್ಮತ ನಮ್ಮ ವಿಧಾನಸಭೆಯಲ್ಲಿಯೂ ಕಂಡಿಲ್ಲ.

ತುದಿಯಲ್ಲಿ ಪಾಳುಬಿದ್ದ ಗೋಪಾಲಕೃಷ್ಣನ ಗುಡಿ. ದೇವರಿಲ್ಲದಿದ್ದರೇನು, ಗೋಡೆಯ ನೆರಳಿದೆ. ಅಲ್ಲಿ ಜಾಗ ಹಿಡಿಯಲು ನಡೆಯುವ ತಳ್ಳಾಟವನ್ನು ನೋಡಿದ್ದರೆ ಹೈದರಾಲಿಯೂ ಕೋಟೆಯನ್ನು ಬಿಟ್ಟುಕೊಟ್ಟು ಮನೆಗೆ ಹೋಗುತ್ತಿದ್ದ. ಮುತ್ತಿಗೆಯ ಕಾಲಕ್ಕೆಂದು ಹಿಂದಿನವರು ದೊಣೆಗಳಲ್ಲಿ ಮಳೆನೀರು ಹಿಡಿದಿಟ್ಟರು. ನಾವು ನೀರಿಲ್ಲವೆಂದು ಒದ್ದಾಡುತ್ತಲೇ ಖಾಲಿ ಬಾಟಲಿಯನ್ನು ಅದೇ ದೊಣೆಗೆ ಎಸೆದು ಬರುತ್ತೇವೆ. ಬಾಟಲಿಗಾದರೂ ನೀರು ಸಿಗಲಿ ಎಂಬ ದಯೆ ಇರಬೇಕು.

ಬೆಳಗ್ಗೆ ಬೇಗ ಹತ್ತಿ ಬಿಸಿಲೇರುವ ಮೊದಲು ಇಳಿಯಿರಿ ಎಂದು ಊರಿನವರು ಹೇಳುತ್ತಾರೆ. ಅದಕ್ಕೆ ಟೆಂಡರ್ ಕರೆಯಲು ಬರುವುದಿಲ್ಲವಾದ್ದರಿಂದ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ರೋಪ್‌ವೇ ಬರುತ್ತದೆ ಎಂಬ ಮಾತು ಮಾತ್ರ ಬಹಳ ವರ್ಷಗಳಿಂದ ಬೆಟ್ಟದ ಸುತ್ತ ತಿರುಗುತ್ತಿದೆ. ಬರಲಿ. ಮೇಲೆ ಹೋದವರಿಗೆ ನೆರಳು ಬೇಕಲ್ಲ, ಒಂದು ಶೆಡ್ಡು ಬರುತ್ತದೆ. ತಗಡಿನ ಶೆಡ್ಡು ಕಾಯುತ್ತದೆಂದು ಫ್ಯಾನು ಬರುತ್ತದೆ, ಫ್ಯಾನಿಗೆಂದು ಟ್ರಾನ್ಸ್‌ಫಾರ್ಮರ್ ಬರುತ್ತದೆ. ಉದ್ಘಾಟನೆ ಬೆಳಗ್ಗೆ ಎಂಟಕ್ಕೆ ಎಂದು ಆಹ್ವಾನಪತ್ರಿಕೆಯಲ್ಲಿ ಅಚ್ಚಾಗಿರುತ್ತದೆ. ಸಚಿವರು ಕ್ಯಾತ್ಸಂದ್ರದಲ್ಲಿ ತಿಂಡಿ ಮುಗಿಸಿ ಒಂದು ಗಂಟೆಗೆ ಬರುತ್ತಾರೆ.